ಹಳೆಯ ಬೇಸ್ ಗಿಟಾರ್ ಕೊಳ್ಳುವವರು ಮೊದಲು ನೆಕ್ ನೋಡಬೇಕು

ಬೇಸಿಗೆಯಲ್ಲಿ ಸಡಿಲವಾಗಿ ಅಲ್ಲಾಡುವ ಕದ ಮಳೆ ಹಿಡಿದೊಡನೆ ಚೌಕಟ್ಟಿಗೆ ಬಿಗಿದು ಕೂರುವುದನ್ನು ಕಲಬುರಗಿ, ಬೀದರ, ಯಾದಗಿರಿ ಕಡೆಯ ಹಳೆಯ ಮನೆಗಳಲ್ಲಿ ಬೆಳೆದವರೆಲ್ಲ ಕಂಡಿದ್ದಾರೆ. ತಗ್ಗು ಸ್ವರಗಳನ್ನು ನುಡಿಸುವ ಬೇಸ್ ಗಿಟಾರಿನ ನೆಕ್, ಅಂದರೆ ತಂತಿಗಳನ್ನು ಬೆರಳಿನಿಂದ ಒತ್ತುವ ಉದ್ದನೆಯ ಕುತ್ತಿಗೆ ಭಾಗ, ಅದೂ ಮರವೇ. ಅದರ ಮೇಲಿನ ನಾಲ್ಕು ದಪ್ಪ ತಂತಿಗಳು ಒಟ್ಟಾಗಿ 70ರಿಂದ 80 ಕಿಲೋ ಭಾರದಷ್ಟು ಬಲದಿಂದ ಅದನ್ನು ಹಗಲಿರುಳು ಎಳೆಯುತ್ತಿರುತ್ತವೆ. ನಲವತ್ತು, ಐವತ್ತು ವರ್ಷ ಈ ಎಳೆತವನ್ನು ತಾಳಿಕೊಂಡು ಇಂದಿಗೂ ನೆಟ್ಟಗಿರುವ ನೆಕ್ ಸಿಕ್ಕಿದರೆ, ಆ ವಾದ್ಯದ ಉಳಿದ ಕೊರತೆಗಳನ್ನೆಲ್ಲ ಸ್ವಲ್ಪ ಹಣದಿಂದಲೋ ತಾಳ್ಮೆಯಿಂದಲೋ ತುಂಬಿಕೊಳ್ಳಬಹುದು. ನೆಕ್ ತಿರುಚಿಕೊಂಡಿದ್ದರೆ ಎಷ್ಟೇ ದೊಡ್ಡ ಹೆಸರಿನ ವಾದ್ಯವಾದರೂ ಅದು ಗೋಡೆಗೆ ತೂಗುಹಾಕುವ ವಸ್ತುವಾಗಿ ಉಳಿಯುತ್ತದೆ.

ಈ ಮಾತನ್ನು ನಾನು ಕಲಿತದ್ದು ನಷ್ಟದಿಂದ. ಹಲವು ವರ್ಷಗಳ ಹಿಂದೆ ಹೈದರಾಬಾದಿನ ಒಂದು ಅಂಗಡಿಯಲ್ಲಿ, ಸಂಜೆಯ ಟ್ಯೂಬ್‌ಲೈಟ್ ಬೆಳಕಿನಲ್ಲಿ, ಮಾಸಿದ ಕೆನೆ ಬಣ್ಣಕ್ಕೆ ಮನಸೋತು ಒಂದು ಬೇಸ್ ಕೊಂಡು ತಂದೆ. ಮೇ ತಿಂಗಳಿನ ಮೂರನೆಯ ವಾರ ಅದನ್ನು ಕಿಟಕಿಯ ಬಳಿ ಎತ್ತಿ ಹಿಡಿದು, ಕೆಳತುದಿಯಿಂದ ನೆಕ್‌ನುದ್ದಕ್ಕೂ ಕಣ್ಣಾಡಿಸಿದಾಗ, ದಪ್ಪ ತಂತಿಯ ಕಡೆಯ ಅಂಚು ನೆಟ್ಟಗಿತ್ತು, ತೆಳು ತಂತಿಯ ಕಡೆಯದು ನಡುವಿನಿಂದಾಚೆ ಇಳಿಜಾರಿನಂತೆ ಕೆಳಗೆ ಬಿದ್ದಿತ್ತು. ಅಂಥ ತಿರುಚನ್ನು ಟ್ರಸ್ ರಾಡ್ (ನೆಕ್ ಒಳಗೆ ಉದ್ದಕ್ಕೂ ಇರುವ, ಬಾಗು ಹೊಂದಿಸುವ ಲೋಹದ ಸರಳು) ಬಿಗಿದು ಸರಿಪಡಿಸಲು ಆಗುವುದಿಲ್ಲ. ಅಂದಿನಿಂದ ನಾನು ಯಾವ ವಾದ್ಯವನ್ನೂ ಹಗಲು ಬೆಳಕಿನಲ್ಲಿ ನೋಡದೆ ಕೊಂಡಿಲ್ಲ. ಓದುಗರೂ ಹಾಗೆಯೇ ಮಾಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಯಾವುದನ್ನು ಹುಡುಕಬೇಕು

ಅಮೆರಿಕದ ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ 1951ರಲ್ಲಿಯೂ ಜಾಝ್ ಬೇಸ್ 1960ರಲ್ಲಿಯೂ ಮಾರುಕಟ್ಟೆಗೆ ಬಂದವು. 1965ರ ಜನವರಿಯಲ್ಲಿ ಆ ಕಂಪನಿ ಸಿಬಿಎಸ್ ಎಂಬ ಅಮೆರಿಕದ ಪ್ರಸಾರ ಸಂಸ್ಥೆಯ ಕೈಗೆ ಹೋಯಿತು. ಅದಕ್ಕೂ ಹಿಂದಿನ ವಾದ್ಯಗಳನ್ನು ಜಗತ್ತಿನ ಸಂಗ್ರಾಹಕರು ಪೈಪೋಟಿಯಿಂದ ಕೊಳ್ಳುವುದರಿಂದ, ಅವುಗಳ ಬೆಲೆ ನುಡಿಸುವವರ ಕೈಗೆ ಎಟುಕುವ ಮಟ್ಟದಲ್ಲಿ ಉಳಿದಿಲ್ಲ. ಪಿಟೀಲಿನ ಆಕಾರದ ಜರ್ಮನಿಯ ಹೋಫ್ನರ್ 500/1 ಬಂದದ್ದು 1956ರಲ್ಲಿ. ಅದು ಹಗುರವಾದ, ಒಳಗೆ ಟೊಳ್ಳಾದ ವಾದ್ಯ.

ನಮ್ಮಂಥವರಿಗೆ ನಿಜವಾಗಿ ಹೊಂದುವುದು ಎಪ್ಪತ್ತರ ದಶಕದ ಕೊನೆ ಮತ್ತು ಎಂಬತ್ತರ ದಶಕದ ಜಪಾನಿ ವಾದ್ಯಗಳೆಂಬುದು ನನ್ನ ದೃಢವಾದ ಅಭಿಪ್ರಾಯ. ನಾಗಾನೊ ಪ್ರಾಂತ್ಯದ ಮತ್ಸುಮೊತೊ ಊರಿನ ಕಾರ್ಖಾನೆಗಳಲ್ಲಿ ತಯಾರಾದ ಐಬನೆಝ್ ಮತ್ತು ಏರಿಯಾ ಪ್ರೊ ಟೂ ಬೇಸ್‌ಗಳು, 1977ರಿಂದ ಬಂದ ಯಮಾಹಾ ಬಿಬಿ ಸರಣಿ, 1982ರಲ್ಲಿ ಆರಂಭವಾದ ಫೆಂಡರ್ ಜಪಾನಿನ ಮೊದಲ ವರ್ಷಗಳ ವಾದ್ಯಗಳು, ಇವೆಲ್ಲವುಗಳಲ್ಲಿ ಮರಗೆಲಸ ಅಚ್ಚುಕಟ್ಟಾಗಿದೆ. ಬೆಲೆಯೂ ಅದೇ ವಯಸ್ಸಿನ ಅಮೆರಿಕದ ವಾದ್ಯಕ್ಕಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಇವಲ್ಲದೆ ಕೋಲ್ಕತ್ತದಲ್ಲಿ ತಯಾರಾದ ಗಿವ್ಸನ್ ಮುಂತಾದ ದೇಶೀ ಗಿಟಾರ್‌ಗಳು ಹಳೆಯ ಆರ್ಕೆಸ್ಟ್ರಾ ವಾದಕರ ಮನೆಗಳಲ್ಲಿ ಇನ್ನೂ ಸಿಗುತ್ತವೆ. ದೇಶೀ ವಾದ್ಯ ನೋಡುವಾಗ ನೆಕ್‌ನೊಳಗೆ ಟ್ರಸ್ ರಾಡ್ ಇದೆಯೇ, ಇದ್ದರೆ ಅದರ ನಟ್ ತಿರುಗುತ್ತದೆಯೇ ಎಂಬುದನ್ನು ತಪ್ಪದೆ ವಿಚಾರಿಸಬೇಕು. ರಾಡ್ ಇಲ್ಲದ ನೆಕ್ ಒಮ್ಮೆ ಬಾಗಿತೆಂದರೆ ಅದನ್ನು ಹಿಂದಕ್ಕೆ ತರುವ ಸುಲಭದ ದಾರಿ ಇಲ್ಲ.

ಕೊಳ್ಳುವ ಮೊದಲು ಕೈಯಳತೆಯನ್ನೂ ಯೋಚಿಸಬೇಕು. ಸಾಮಾನ್ಯ ಬೇಸ್‌ನಲ್ಲಿ ತಲೆಯ ಬಳಿ ತಂತಿಗಳನ್ನು ಹಿಡಿದಿಡುವ ಪಟ್ಟಿಯಾದ ನಟ್‌ನಿಂದ ದೇಹದ ಮೇಲೆ ತಂತಿಗಳು ಕೂರುವ ಬ್ರಿಡ್ಜ್‌ವರೆಗಿನ ತಂತಿಯ ಉದ್ದ 34 ಇಂಚು, ಅಂದರೆ 864 ಮಿ.ಮೀ. ಇರುತ್ತದೆ. ಹೋಫ್ನರ್‌ನಂಥ ಗಿಡ್ಡ ವಾದ್ಯಗಳಲ್ಲಿ ಅದು 30 ಇಂಚಿನ ಆಸುಪಾಸಿನಲ್ಲಿದೆ. ಗಿಡ್ಡ ವಾದ್ಯದಲ್ಲಿ ನೆಕ್ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆಗಳಾದ ಫ್ರೆಟ್‌ಗಳು ಹತ್ತಿರ ಹತ್ತಿರ ಇರುವುದರಿಂದ ಚಿಕ್ಕ ಕೈಯವರಿಗೂ ಹೊಸದಾಗಿ ಕಲಿಯುವವರಿಗೂ ಅನುಕೂಲ.

ಎಲ್ಲಿ ಸಿಗುತ್ತದೆ

ಕಲಬುರಗಿಯಲ್ಲಿ ಹಾರ್ಮೋನಿಯಂ, ತಬಲಾ ಹುಡುಕಿದಷ್ಟು ಸುಲಭವಾಗಿ ಹಳೆಯ ಬೇಸ್ ಹುಡುಕಲಾಗದು. ಆದರೂ ಹುಡುಕಾಟವನ್ನು ಊರಿನಿಂದಲೇ ಆರಂಭಿಸಬೇಕು. ಮದುವೆ, ಜಾತ್ರೆ, ಗಣೇಶೋತ್ಸವಗಳಲ್ಲಿ ನುಡಿಸುತ್ತಿದ್ದ ಆರ್ಕೆಸ್ಟ್ರಾಗಳ ಹಿರಿಯ ವಾದಕರನ್ನು ಹಾಗೂ ಬೀದರ, ಕಲಬುರಗಿ, ಯಾದಗಿರಿಯ ಚರ್ಚುಗಳ ಗಾಯನ ತಂಡದವರನ್ನು ಕೇಳಬೇಕು. ಕೀಬೋರ್ಡೇ ಬೇಸ್ ನುಡಿಸತೊಡಗಿದ ಮೇಲೆ ಅನೇಕ ಬೇಸ್ ಗಿಟಾರ್‌ಗಳು ಕಪಾಟಿನ ಮೇಲೆ ಸೇರಿವೆ. ಹೀಗೆ ಸಿಗುವ ವಾದ್ಯದ ದೊಡ್ಡ ಲಾಭವೆಂದರೆ, ಅದು ನಮ್ಮ ಹವೆಯಲ್ಲಿಯೇ ಹತ್ತಾರು ಬೇಸಿಗೆ, ಮಳೆಗಾಲಗಳನ್ನು ಕಳೆದಿರುತ್ತದೆ. ಇಲ್ಲಿ ನೆಟ್ಟಗೆ ಉಳಿದದ್ದು ಮುಂದೆಯೂ ಉಳಿಯುವ ಸಂಭವ ಹೆಚ್ಚು. ಊರಲ್ಲಿ ಸಿಗದಿದ್ದರೆ ಹೈದರಾಬಾದ್, ಸೊಲ್ಲಾಪುರ, ಪುಣೆ, ಮುಂಬೈಗಳಿವೆ. ಕಲಬುರಗಿ ಮತ್ತು ಯಾದಗಿರಿ ಮುಂಬೈ ರೈಲು ಮಾರ್ಗದಲ್ಲಿಯೇ ಇರುವುದರಿಂದ ಹೋಗಿ ನೋಡುವುದು ಕಷ್ಟವಲ್ಲ.

ಹೊರಡುವ ಮೊದಲು ಮಾರುವವರಿಂದ ಚಿತ್ರಗಳನ್ನು ತರಿಸಿಕೊಳ್ಳಬೇಕು. ಎದುರಿನಿಂದ ತೆಗೆದ ಒಂದೇ ಚಂದದ ಚಿತ್ರದಿಂದ ಏನೂ ತಿಳಿಯುವುದಿಲ್ಲ. ತಲೆಯ ಭಾಗದ ಹಿಂಬದಿ, ನೆಕ್ ದೇಹಕ್ಕೆ ಸೇರುವ ಜಾಗ, ಮೊದಲ ಐದು ಫ್ರೆಟ್‌ಗಳು, ಬ್ರಿಡ್ಜ್, ಸರಣಿ ಸಂಖ್ಯೆ, ಸಾಧ್ಯವಾದರೆ ನಾಬ್‌ಗಳ ಕೆಳಗಿನ ವೈರಿಂಗ್, ಇವು ಬೇಕು. ತಲೆಯ ಭಾಗ ಮುರಿದು ಅಂಟಿಸಿದ್ದರೆ ಹಿಂಬದಿಯ ಚಿತ್ರದಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತದೆ. ತಲೆ ಹಿಂದಕ್ಕೆ ಬಾಗಿರುವ ಅಮೆರಿಕದ ಗಿಬ್ಸನ್ ಕಂಪನಿಯ ಮಾದರಿಯ ವಾದ್ಯಗಳಲ್ಲಿ ಈ ಮುರಿತ ಹೆಚ್ಚು.

ನೋಡಲು ಹೋದ ದಿನ

ಜೊತೆಗೆ ನಮ್ಮದೇ ಕೇಬಲ್, ಒಂದು ಅಡಿ ಉದ್ದದ ಸ್ಟೀಲ್ ಪಟ್ಟಿ, ಚಿಕ್ಕ ಟಾರ್ಚ್, ಮಲ್ಟಿಮೀಟರ್ ಒಯ್ಯಬೇಕು. ಟ್ಯೂನರ್ ಮೊಬೈಲಿನಲ್ಲಿಯೇ ಇರುತ್ತದೆ. ವಾದ್ಯವನ್ನು ಮೊದಲು ಸರಿಯಾದ ಶ್ರುತಿಗೆ ತರಬೇಕು. ದಪ್ಪ ತಂತಿಯಿಂದ ತೆಳು ತಂತಿಗೆ ಇ, ಎ, ಡಿ, ಜಿ. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯ ಕಂಪನ ಸೆಕೆಂಡಿಗೆ 41.2. ತಂತಿ ಸಡಿಲವಿದ್ದಾಗ ನೆಕ್‌ನ ನಿಜಸ್ಥಿತಿ ತಿಳಿಯುವುದಿಲ್ಲವಾದ್ದರಿಂದ, ಶ್ರುತಿ ಮಾಡದೆ ತೀರ್ಮಾನಕ್ಕೆ ಬರಬಾರದು.

ಆಮೇಲೆ ವಾದ್ಯವನ್ನು ಬಂದೂಕಿನಂತೆ ಹಿಡಿದು, ಬ್ರಿಡ್ಜ್ ಕಡೆಯಿಂದ ನೆಕ್‌ನ ಎರಡೂ ಅಂಚುಗಳ ಉದ್ದಕ್ಕೆ ಒಂದು ಕಣ್ಣಿನಿಂದ ನೋಡಬೇಕು. ಎರಡು ಅಂಚುಗಳೂ ಒಂದೇ ರೀತಿ ಕಾಣಬೇಕು. ಒಂದು ಅಂಚು ನೆಟ್ಟಗಿದ್ದು ಇನ್ನೊಂದು ಬಾಗಿದ್ದರೆ ಅದು ತಿರುಚು. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ಕೊಳ್ಳುವುದಿಲ್ಲ. ಎರಡೂ ಒಂದೇ ಸಮನಾಗಿ ತುಸು ಒಳಬಾಗಿದ್ದರೆ ಚಿಂತೆಯಿಲ್ಲ. ಅದನ್ನು ಅಳೆಯಲು, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿಯೂ ಕೊನೆಯ ಫ್ರೆಟ್‌ನಲ್ಲಿಯೂ ಏಕಕಾಲಕ್ಕೆ ಒತ್ತಿ ಹಿಡಿದು, ಎಂಟನೆಯ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್‌ಗೂ ನಡುವಿನ ಸಂದನ್ನು ನೋಡಬೇಕು. ತಂತಿಯೇ ನೇರ ಪಟ್ಟಿಯ ಕೆಲಸ ಮಾಡುತ್ತದೆ. 0.3 ಮಿ.ಮೀ. ಸುತ್ತಮುತ್ತ ಇದ್ದರೆ ಒಳ್ಳೆಯದು. ಇದನ್ನೇ ರಿಪೇರಿಯವರು ರಿಲೀಫ್ ಎನ್ನುತ್ತಾರೆ. ಸಂದು ತೀರ ಹೆಚ್ಚಿದ್ದರೆ, ಟ್ರಸ್ ರಾಡ್‌ನ ನಟ್ ಎರಡೂ ಕಡೆಗೆ ತಿರುಗುತ್ತದೆಯೇ ಎಂದು ಮಾರುವವರ ಕೈಯಿಂದಲೇ ತೋರಿಸಿಕೊಳ್ಳಬೇಕು. ಕೊಳ್ಳುವವರು ತಾವೇ ಕೀ ಹಾಕಿ ತಿರುವುವುದು ಸರಿಯಲ್ಲ. ಪೂರ್ತಿ ಬಿಗಿದ ಮೇಲೂ ಬಾಗಿಯೇ ಇರುವ ನೆಕ್‌ಗೆ ಇನ್ನು ದಾರಿ ಉಳಿದಿಲ್ಲವೆಂದು ತಿಳಿಯಬೇಕು.

ಬೆರಳನ್ನು ನೆಕ್‌ನ ಅಂಚಿನ ಮೇಲೆ ಮೇಲಿನಿಂದ ಕೆಳಕ್ಕೆ ಸವರಿದಾಗ ಫ್ರೆಟ್‌ನ ತುದಿಗಳು ಚುಚ್ಚಿದರೆ, ಮರ ಒಣಗಿ ಕುಗ್ಗಿದೆ ಎಂದರ್ಥ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಅನೇಕ ವಾದ್ಯಗಳಲ್ಲಿ ಇದು ಕಾಣುತ್ತದೆ. ಅರದಿಂದ ನಯಗೊಳಿಸಬಹುದಾದ ಸಣ್ಣ ಕೆಲಸವಿದು. ಫ್ರೆಟ್‌ಗಳ ಮೇಲ್ಭಾಗದಲ್ಲಿ ತಂತಿ ಕೊರೆದ ಹಳ್ಳಗಳು ಮಾತ್ರ ಖರ್ಚಿನ ವಿಷಯ. ಆಳವಿಲ್ಲದಿದ್ದರೆ ಫ್ರೆಟ್‌ಗಳನ್ನು ಸಮತಟ್ಟು ಮಾಡಿಸಿದರೆ ಸಾಕು, ಆಳವಾಗಿದ್ದರೆ ಹೊಸದಾಗಿ ಹೊಡೆಸಬೇಕಾಗುತ್ತದೆ.

ಇನ್ನು ಕೇಳುವ ಸರದಿ. ಕಲಬುರಗಿಯ ಹಿರಿಯ ಆರ್ಕೆಸ್ಟ್ರಾ ವಾದಕರೊಬ್ಬರ ಮನೆಗೆ ನಾನು ಬೇಸ್ ನೋಡಲು ಹೋದಾಗ, ಕೇಬಲ್ ಚುಚ್ಚಲು ಹೊರಟ ನನ್ನ ಕೈಯನ್ನು ಅವರು ತಡೆದರು. "ಈಗ ಅದೆಲ್ಲ ಬ್ಯಾಡ್ರಿ. ಮೊದಲ ಕಿವಿ ಹಚ್ಚಿ ಕೇಳ್ರಿ" ಎಂದರು. ಕುರ್ಚಿಯ ಮೇಲೆ ಕೂತು, ವಾದ್ಯದ ಮೇಲಿನ ಕೊಂಬಿಗೆ ಕಿವಿ ಒತ್ತಿ, ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ನಾದ ಕಿವಿಯ ಬದಲು ದವಡೆಯ ಎಲುಬಿನಿಂದ ಒಳಗೆ ಬಂದಂತಿತ್ತು. ಹೊರಗೆ ಆಟೋಗಳ ಸದ್ದು ಇದ್ದರೂ ಆ ಸ್ವರ ನಿಧಾನವಾಗಿ, ಎಲ್ಲಿಯೂ ಮುರಿಯದೆ ಇಳಿದು ಆರಿತು. ಮೂರನೆಯ ಫ್ರೆಟ್‌ನ ಬಳಿ ಬೆರಳಾಡಿ ಮರದ ಬಣ್ಣ ತಿಳಿಯಾಗಿತ್ತು. ಅವರು ಅಲ್ಲಿ ಎಷ್ಟು ಮದುವೆಗಳ ರಾತ್ರಿ ಬೆರಳಿಟ್ಟಿದ್ದರೋ ಎಂದು ಯೋಚಿಸುತ್ತ ನಾನು ಬೆಲೆಯ ಮಾತನ್ನೇ ಮರೆತಿದ್ದೆ. ವಿದ್ಯುತ್ತಿಲ್ಲದೆ ಚೆನ್ನಾಗಿ ಅನುರಣಿಸುವ ವಾದ್ಯ ವಿದ್ಯುತ್ತಿನೊಂದಿಗೂ ಸಾಮಾನ್ಯವಾಗಿ ಚೆನ್ನಾಗಿಯೇ ನುಡಿಯುತ್ತದೆ ಎಂಬುದು ನನ್ನ ಅನುಭವ.

ಕಿವಿಯಿಟ್ಟು ಕೇಳಿದ ನಂತರ ನಾಲ್ಕೂ ತಂತಿಗಳನ್ನು ಒಂದೊಂದು ಫ್ರೆಟ್‌ನಲ್ಲಿಯೂ ಮೀಟಿ ನೋಡಬೇಕು. ಇದಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಮಾರುವವರು ಅವಸರ ಮಾಡಿದರೂ ಬಿಡಬಾರದು. ಎಲ್ಲಿ ಝರ್ ಎನ್ನುತ್ತದೆ, ಎಲ್ಲಿ ಸ್ವರ ಬೇಗ ಸಾಯುತ್ತದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ತೆಳು ತಂತಿಯ ಐದರಿಂದ ಏಳನೆಯ ಫ್ರೆಟ್‌ವರೆಗೆ ಎಲ್ಲಿಯೋ ಒಂದು ಸ್ವರ ಮಂಕಾಗಿರುವುದು ಸಾಮಾನ್ಯ. ಅದು ಆ ರಚನೆಯ ಗುಣ, ದೋಷವೆಂದು ಬೆಲೆ ಇಳಿಸಲು ಹೊರಡಬೇಕಿಲ್ಲ.

ಇದಾದ ಮೇಲೆ ಕೇಬಲ್ ಜೋಡಿಸಬಹುದು. ನಾಬ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಹೆದರುವುದು ಬೇಡ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಬಹುತೇಕ ಹೋಗುತ್ತದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಮೌನವಾಗಿದ್ದರೆ ಅಥವಾ ಸದ್ದು ತೀರ ಕ್ಷೀಣವಾಗಿದ್ದರೆ ಮಾತ್ರ ಎಚ್ಚರಿಕೆ ಬೇಕು. ಪ್ರಿಸಿಷನ್ ಬೇಸ್‌ನಲ್ಲಿ ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್‌ನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದರೆ, ಸುಸ್ಥಿತಿಯ ಪಿಕಪ್ ಸಾಮಾನ್ಯವಾಗಿ 10 ಕಿಲೋ ಓಮ್ ಆಸುಪಾಸು ತೋರಿಸುತ್ತದೆ. ಸುರುಳಿ ಕಡಿದಿದ್ದರೆ ಮೀಟರ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಅಂಕಿ ತೋರಿಸುತ್ತದೆ.

ವಯಸ್ಸು ಮತ್ತು ಬೆಲೆ

ಸರಣಿ ಸಂಖ್ಯೆಯನ್ನೇ ನಂಬಿ ವಯಸ್ಸು ನಿರ್ಧರಿಸಬಾರದು. ಹಳೆಯ ಫೆಂಡರ್‌ಗಳಲ್ಲಿ ಆ ಸಂಖ್ಯೆ ಇರುವುದು ನಾಲ್ಕು ಸ್ಕ್ರೂಗಳ ತಗಡಿನ ಮೇಲೆ, ಆ ತಗಡನ್ನು ಯಾರು ಬೇಕಾದರೂ ಬದಲಿಸಬಹುದು. ಹೆಚ್ಚು ಭರವಸೆಯ ಗುರುತು ನಾಬ್‌ನ ಕೆಳಗಿನ ಪಾಟ್, ಅಂದರೆ ಸದ್ದು ಹೆಚ್ಚುಕಡಿಮೆ ಮಾಡುವ ವಿದ್ಯುತ್ ಬಿಡಿಭಾಗದ ಮೇಲೆ ಒತ್ತಿದ ಅಂಕಿಗಳು. ಉದಾಹರಣೆಗೆ 1377234 ಎಂದಿದ್ದರೆ, 137 ಎಂಬುದು ತಯಾರಕರಾದ ಸಿಟಿಎಸ್ ಕಂಪನಿಯ ಸಂಕೇತ, 72 ಎಂಬುದು 1972, 34 ಎಂಬುದು ಆ ವರ್ಷದ 34ನೆಯ ವಾರ. 304ರಿಂದ ಆರಂಭವಾದರೆ ತಯಾರಕರು ಸ್ಟ್ಯಾಕ್‌ಪೋಲ್. ಪಾಟ್ ತಯಾರಾದ ಮೇಲೆಯೇ ಗಿಟಾರ್ ತಯಾರಾಗಲು ಸಾಧ್ಯವಾದ್ದರಿಂದ, ಬೆಸುಗೆ ಹಳೆಯದೇ ಆಗಿದ್ದರೆ ವಾದ್ಯ ಆ ದಿನಾಂಕಕ್ಕಿಂತ ಹಿಂದಿನದಾಗಿರಲಾರದು. ಹೊಳೆಯುವ ಹೊಸ ಬೆಸುಗೆ ಕಂಡರೆ ಅಲ್ಲಿ ಯಾರೋ ಕೈ ಹಾಕಿದ್ದಾರೆ ಎಂದು ತಿಳಿದು, ಏನು ಬದಲಾಗಿದೆ ಎಂದು ನೇರವಾಗಿ ಕೇಳಬೇಕು.

ಬಣ್ಣದ ಬಗ್ಗೆ ಒಂದು ಮಾತು. ಬೀದರಿನ ಬಿದ್ರಿ ಪಾತ್ರೆಯ ಕಪ್ಪನ್ನು ಕೊಳೆಯೆಂದು ತಿಳಿದು ಉಜ್ಜಿ ತೆಗೆದರೆ ಬೆಳ್ಳಿಯ ಕುಸುರಿಯೇ ಕಾಣದಾಗುತ್ತದೆ. ಹಳೆಯ ಗಿಟಾರಿನ ಮಾಸಿದ ಬಣ್ಣವೂ ಅಂಥದ್ದೇ. ಪೂರ್ತಿ ಕೆರೆದು ಹೊಸ ಬಣ್ಣ ಹೊಡೆಸಿದ ವಿಂಟೇಜ್ ವಾದ್ಯದ ಬೆಲೆ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಕೊಂಡ ಮೇಲೆ ಬಣ್ಣ ಹೊಡೆಸುವ ಆಸೆಯನ್ನು ಬಿಡಬೇಕು. ಆದರೆ ನುಡಿಸುವುದಕ್ಕಾಗಿಯೇ ಕೊಳ್ಳುವವರಿಗೆ, ಹಿಂದೆಂದೋ ಯಾರೋ ಬಣ್ಣ ಹೊಡೆಸಿದ, ನೆಕ್ ಚೆನ್ನಾಗಿರುವ ವಾದ್ಯ ಒಳ್ಳೆಯ ವ್ಯಾಪಾರವೇ ಸರಿ. ಅರ್ಧ ಬೆಲೆಗೆ ಅದೇ ನಾದ ಸಿಗುತ್ತದೆ.

ಬೆಲೆ ಮಾತಾಡುವಾಗ ಹೊಸ ತಂತಿ, ಫ್ರೆಟ್ ಕೆಲಸ, ವೈರಿಂಗ್, ಪೆಟ್ಟಿಗೆ ಇವುಗಳ ಖರ್ಚನ್ನು ಒಂದು ಚೀಟಿಯಲ್ಲಿ ಬರೆದು, ಮಾರುವವರಿಗೂ ತೋರಿಸಿ ಕಳೆಯಬೇಕು. ಲೆಕ್ಕ ಕಣ್ಣೆದುರಿಗಿದ್ದರೆ ಚೌಕಾಸಿ ಜಗಳವಾಗುವುದಿಲ್ಲ. ಹಣ ಕೊಡುವಾಗ ಸರಣಿ ಸಂಖ್ಯೆ, ದಿನಾಂಕ, ಮೊತ್ತ ಬರೆದು ಸಹಿ ಮಾಡಿದ ರಸೀದಿ ಪಡೆಯುವುದನ್ನು ಮರೆಯಬಾರದು. ಕಳುವಿನ ವಾದ್ಯ ಕೈಸೇರಿದರೆ ನಾಳೆ ಉತ್ತರಿಸಲು ಅದೊಂದೇ ಆಧಾರ.

ಮನೆಗೆ ತಂದ ಮೇಲೆ

ರೈಲಿನಲ್ಲಿ ತರುವಾಗ ತಂತಿಗಳನ್ನು ಒಂದೆರಡು ಸುತ್ತು ಸಡಿಲಿಸಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ನಮ್ಮ ಬರ್ತ್‌ನಲ್ಲಿಯೇ ಇರಿಸಿಕೊಳ್ಳಬೇಕು. ಎಸಿ ಬೋಗಿಯಿಂದ ಕಲಬುರಗಿ ನಿಲ್ದಾಣದಲ್ಲಿ ನಡುಹಗಲಿನ 42 ಡಿಗ್ರಿ ಬಿಸಿಲಿಗೆ ಇಳಿದರೆ, ಮನೆ ಮುಟ್ಟಿದ ಮೇಲೂ ಒಂದೆರಡು ಗಂಟೆ ಪೆಟ್ಟಿಗೆ ತೆರೆಯದಿರುವುದು ಒಳ್ಳೆಯದು. ಹಳೆಯ ನೈಟ್ರೋಸೆಲ್ಯುಲೋಸ್ ಮೆರುಗು ಹಠಾತ್ ಬದಲಾವಣೆಗೆ ಸಣ್ಣ ಬಿರುಕು ಬಿಡುತ್ತದೆ. ಅದೇ ಮೆರುಗು ಸ್ಟ್ಯಾಂಡಿನ ರಬ್ಬರ್ ತಾಗಿದರೆ ಮೆತ್ತಗಾಗಿ ಅಂಟಿಕೊಳ್ಳುವುದರಿಂದ, ರಬ್ಬರ್ ಮೇಲೆ ಹತ್ತಿ ಬಟ್ಟೆ ಸುತ್ತಬೇಕು.

ಹೊಂದಿಸುವ ಕೆಲಸಕ್ಕೆ ಒಂದು ಕ್ರಮವಿದೆ, ಅದನ್ನು ಹಿಂದುಮುಂದು ಮಾಡಿದರೆ ಕೆಲಸ ಎರಡೆರಡು ಸಲ ಆಗುತ್ತದೆ. ಮೊದಲು ಹೊಸ ತಂತಿ ಹಾಕಿ ಶ್ರುತಿ ಮಾಡಬೇಕು. ಹಳೆಯ ತಂತಿಗಳನ್ನು ಒಂದೊಂದಾಗಿ ಬದಲಿಸಿದರೆ ನೆಕ್ ಮೇಲಿನ ಎಳೆತ ಒಮ್ಮೆಲೇ ತಪ್ಪುವುದಿಲ್ಲ. ಎರಡನೆಯದು ರಿಲೀಫ್. ನಟ್ಟನ್ನು ಬಲಕ್ಕೆ ತಿರುಗಿಸಿದರೆ ನೆಕ್ ನೆಟ್ಟಗಾಗುತ್ತದೆ, ಎಡಕ್ಕೆ ತಿರುಗಿಸಿದರೆ ಬಾಗು ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಬೇಕು, ನಟ್ ಹಟ ಹಿಡಿದರೆ ಬಲ ಹಾಕದೆ ಅನುಭವಿ ರಿಪೇರಿಯವರ ಬಳಿ ಒಯ್ಯಬೇಕು. ಮೂರನೆಯದು ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್ ಮೇಲೆ 2ರಿಂದ 2.5 ಮಿ.ಮೀ. ಇದ್ದರೆ ಬೆರಳಿಗೆ ಹಿತ. ಕೊನೆಯದು ಸ್ವರದ ನಿಖರತೆ. ಹನ್ನೆರಡನೆಯ ಫ್ರೆಟ್ ಒತ್ತಿ ನುಡಿಸಿದ ಸ್ವರ, ಅಲ್ಲಿಯೇ ಬೆರಳು ಹಗುರವಾಗಿ ತಾಗಿಸಿ ಹೊರಡಿಸಿದ ಗಂಟೆಯಂಥ ಸ್ವರಕ್ಕಿಂತ ಏರಿದ್ದರೆ ಬ್ರಿಡ್ಜ್‌ನ ಸ್ಯಾಡಲನ್ನು (ತಂತಿ ಕೂರುವ ಚಿಕ್ಕ ಲೋಹದ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಬದಲಿಸಿದ ಹಳೆಯ ಸ್ಕ್ರೂ, ನಾಬ್, ಪಾಟ್ ಯಾವುದನ್ನೂ ಎಸೆಯದೆ, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಯೇ ಇಡಬೇಕು.

ನಮ್ಮ ಭಾಗದಲ್ಲಿ ಬೇಸಿಗೆಯ ಕೂಲರ್ ಬಗ್ಗೆ ವಿಶೇಷ ಎಚ್ಚರ ಬೇಕು. ಹೊರಗೆ ಒಣ ಗಾಳಿ, ಕೋಣೆಯೊಳಗೆ ಕೂಲರ್‌ನ ತೇವದ ಗಾಳಿ. ರಾತ್ರಿ ಅದರ ಎದುರಿಗಿಟ್ಟ ವಾದ್ಯದ ಶ್ರುತಿ ಬೆಳಗ್ಗೆ ಇದ್ದಲ್ಲಿ ಇರುವುದಿಲ್ಲ. ವಾದ್ಯವನ್ನು ಕೂಲರ್ ಇಲ್ಲದ ಕೋಣೆಯ ಒಳಗೋಡೆಯ ಬದಿಗೆ, ಪೆಟ್ಟಿಗೆಯಲ್ಲಿ ಇಡಬೇಕು.

ವಿದ್ಯುತ್ತಿನ ಸುರಕ್ಷತೆ ಇದಕ್ಕಿಂತಲೂ ದೊಡ್ಡ ವಿಷಯ. ಬೇಸ್‌ನ ತಂತಿಗಳು ವೈರಿಂಗ್ ಮೂಲಕ ಆಂಪ್ಲಿಫೈಯರಿನ ಅರ್ಥಿಂಗ್‌ಗೆ ಸೇರಿರುತ್ತವೆ. ಪೆಂಡಾಲಿನ ಜನರೇಟರಿನಲ್ಲಿ ಅಥವಾ ಹಳೆಯ ಮನೆಯ ಪ್ಲಗ್‌ನಲ್ಲಿ ಅರ್ಥಿಂಗ್ ಇಲ್ಲದೆ, ಆಂಪ್‌ನಲ್ಲಿ ದೋಷವೂ ಇದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರ ಜೀವಕ್ಕೇ ಅಪಾಯ. ನುಡಿಸುವ ಮೊದಲು ಆಂಪ್‌ನ ಲೋಹದ ಭಾಗಕ್ಕೆ ಟೆಸ್ಟರ್ ತಾಗಿಸಿ ನೋಡಬೇಕು. ದೀಪ ಹೊತ್ತಿದರೆ ಪ್ಲಗ್ ತೆಗೆಸಿ, ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವವರೆಗೆ ನುಡಿಸಬಾರದು. ಜಪಾನಿನ ಹಳೆಯ ಆಂಪ್ 100 ವೋಲ್ಟ್‌ನದು, ಅಮೆರಿಕದ್ದು 120 ವೋಲ್ಟ್‌ನದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟ್‌ಗೆ ಜೋಡಿಸಿದರೆ ಸುಟ್ಟುಹೋಗುತ್ತದೆ. ಮನೆಯ ಮ್ಯೂಸಿಕ್ ಸಿಸ್ಟಮ್‌ಗೆ ಬೇಸ್ ಜೋಡಿಸಿ ಜೋರಾಗಿ ನುಡಿಸಿದರೆ ಸ್ಪೀಕರ್ ಹರಿಯುತ್ತದೆ. ಮನೆಯ ಅಭ್ಯಾಸಕ್ಕೆ ಜಾಕ್‌ಗೇ ಸಿಕ್ಕಿಸುವ ಚಿಕ್ಕ ಹೆಡ್‌ಫೋನ್ ಆಂಪ್ ಸಾಕು. ಚರ್ಚಿನ ಅಥವಾ ಸಭಾಂಗಣದ ಮಿಕ್ಸರ್‌ಗೆ ನೇರವಾಗಿ ಕೊಡಲು ಗಿಟಾರಿನ ಸಂಕೇತವನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಡಿಐ ಬಾಕ್ಸ್ ಬೇಕು.

ನುಡಿಸುವ ಸುಖ

ಹಳೆಯ ಬೇಸ್‌ಗೆ ನಾನು ಫ್ಲ್ಯಾಟ್‌ವೂಂಡ್ ತಂತಿಗಳನ್ನೇ ಹಾಕುತ್ತೇನೆ. ಚಪ್ಪಟೆ ತಂತಿ ಸುತ್ತಿದ ಇವುಗಳ ಮೇಲ್ಮೈ ನಯವಾಗಿರುವುದರಿಂದ ಫ್ರೆಟ್ ಸವೆಯುವುದು ಕಡಿಮೆ, ನಾದ ದುಂಡಗೆ, ತುಸು ಮಂದ್ರವಾಗಿ ಬರುತ್ತದೆ, ವರ್ಷಗಟ್ಟಲೆ ಬದಲಿಸದೆ ನುಡಿಸಬಹುದು. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬೇಸ್‌ನ ತಂತಿಗಳನ್ನು, ಕಡಿಯದ ಹೊರತು ಬದಲಿಸುತ್ತಿರಲಿಲ್ಲ ಎಂಬುದು ಬೇಸ್ ವಾದಕರೆಲ್ಲ ಬಲ್ಲ ಸಂಗತಿ.

ನಮ್ಮ ಊರಿನ ಭಜನೆಗೂ ವಚನ ಗಾಯನಕ್ಕೂ ಈ ನಾದ ಬಹಳ ಒಪ್ಪುತ್ತದೆ. ಹಾಡುವವರು ತಮ್ಮ ಶ್ರುತಿ ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕರಿ ಮನೆ) ಎಂದರೆ ಎ ತಂತಿಯ ನಾಲ್ಕನೆಯ ಫ್ರೆಟ್ ಅವರ ಷಡ್ಜ. ಅದೇ ಫ್ರೆಟ್‌ನಲ್ಲಿ ಪಕ್ಕದ ದಪ್ಪ ತಂತಿಯನ್ನು ಒತ್ತಿದರೆ ಕೆಳಗಿನ ಪಂಚಮ. ತೆಳು ಕಡೆಯ ಡಿ ತಂತಿಯಲ್ಲಿ ಎರಡು ಫ್ರೆಟ್ ಮುಂದಕ್ಕೆ, ಅಂದರೆ ಆರನೆಯದರಲ್ಲಿ, ಮೇಲಿನ ಪಂಚಮ. ಈ ಮೂರು ಜಾಗಗಳು ಕೈಗೆ ಬಂದರೆ ಮೊದಲ ದಿನವೇ ಹಾಡಿನ ಜೊತೆ ಕೂರಬಹುದು. ತಬಲೆಯ ಎಡಗೈ ಎಲ್ಲಿ ಗುಮುಕು ಕೊಡುತ್ತದೋ ಅಲ್ಲಿ ಬೇಸ್ ಸ್ವಲ್ಪ ಸುಮ್ಮನಿರಬೇಕು. ಎರಡೂ ಒಂದೇ ಸಲ ಗುಡುಗಿದರೆ ಹಾಡಿದವರ ಮಾತು ಮುಚ್ಚಿಹೋಗುತ್ತದೆ.

ಜೂನ್ ತಿಂಗಳಲ್ಲಿ ಮೃಗಶಿರ ಮಳೆ ಬಿದ್ದು ಗಾಳಿ ತಂಪಾದಾಗ ಎಂಟನೆಯ ಫ್ರೆಟ್‌ನ ಸಂದನ್ನು ಮತ್ತೊಮ್ಮೆ ಅಳೆಯಬೇಕು. ಮರ ತೇವ ಹೀರಿ ಬಾಗು ಸಾಮಾನ್ಯವಾಗಿ ಹೆಚ್ಚಿರುತ್ತದೆ, ನಟ್ಟನ್ನು ತುಸುವೇ ಬಲಕ್ಕೆ ತಿರುಗಿಸಿದರೆ ಸಾಕಾಗುತ್ತದೆ. ಬೇಸಿಗೆ ಏರುವ ಮಾರ್ಚ್‌ನಲ್ಲಿ ಅಷ್ಟನ್ನೇ ಎಡಕ್ಕೆ ಬಿಡಬೇಕಾಗುತ್ತದೆ. ಪ್ರತಿ ಸಲದ ಅಳತೆಯನ್ನೂ ದಿನಾಂಕದೊಡನೆ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗಿಟ್ಟರೆ, ಎರಡು ವರ್ಷದೊಳಗೆ ಆ ನೆಕ್‌ನ ಸ್ವಭಾವ ಪೂರ್ತಿ ಗೊತ್ತಾಗುತ್ತದೆ.